ಡಿವ್, ಮಾಡ್ ಮತ್ತು ಒಂದು ರೂಪಾಯಿ ಎಡವಟ್ಟು

ಈ ಸಲದ ವಿಡಿಯೋ ನೋಡೋಕೆ ಆಗದವರಿಗೆ, ಮೆಟ್ರೋದಲ್ಲಿ ನಿಂತು ಓದೋರಿಗೆ, ಇಲ್ಲಿದೆ ಅದರ ಬರಹ ರೂಪ. ವಿಷಯ: ಪ್ಯಾಸ್ಕಲ್ ಭಾಷೆಯ ಡಿವ್ ಮತ್ತು ಮಾಡ್.

"ಈಗ್ಯಾಕೆ ಪ್ಯಾಸ್ಕಲ್ ಗುರೂ?" ಅಂತೀರಾ? ನಿಕ್ಲಾಸ್ ವಿರ್ತ್ ಇದನ್ನು ರೂಪಿಸಿದ್ದು 1970ರ ಸುಮಾರಿಗೆ, ನಿಜ. ಆದರೆ ಅದೇ ವಂಶದ ಡೆಲ್ಫಿಯಲ್ಲಿ ಬರೆದ ಹಳೇ ಬಿಲ್ಲಿಂಗ್ ಪ್ರೋಗ್ರಾಂಗಳು ಇನ್ನೂ ಓಡ್ತಿವೆ. ಅವನ್ನು ಪೈಥಾನ್‌ಗೆ ತರೋ ಕೆಲಸ ನಮ್ಮಂಥವರ ತಲೆಗೇ ಬರೋದು.

ಮೊದಲು ಬೇಸಿಕ್ಸ್. ಪ್ಯಾಸ್ಕಲ್‌ನಲ್ಲಿ / ಚಿಹ್ನೆ ಹಾಕಿದರೆ ಉತ್ತರ ಯಾವಾಗಲೂ ರಿಯಲ್. 6 / 2 ಕೂಡ ರಿಯಲ್ಲೇ. ಇಂಟಿಜರ್ ವೇರಿಯಬಲ್‌ಗೆ ಹಾಕಿದರೆ ಕಂಪೈಲರ್ ಒಪ್ಪಲ್ಲ. ಪೂರ್ಣಾಂಕ ಬೇಕಿದ್ದರೆ ಡಿವ್ ಭಾಗಲಬ್ಧ ಕೊಡುತ್ತೆ, ಮಾಡ್ ಶೇಷ ಕೊಡುತ್ತೆ. (ಈ ಮಾಡ್ ನಮ್ಮ "ಕೆಲಸ ಮಾಡ್" ಅಲ್ಲ, ಮಾಡ್ಯುಲೋ!) ಪುಣೆಯಿಂದ ಬೆಂಗಳೂರಿಗೆ ಬಸ್ 845 ನಿಮಿಷ ತಗೊಂಡಿತು ಅನ್ನಿ:

845 ಡಿವ್ 60 = 14 ಗಂಟೆ
845 ಮಾಡ್ 60 = 5 ನಿಮಿಷ

ಶಾಲೆಯಲ್ಲಿ ಕಲಿತ ತಾಳೆ ನೆನಪಿದೆಯಲ್ವಾ? ಭಾಜ್ಯ = ಭಾಜಕ × ಭಾಗಲಬ್ಧ + ಶೇಷ. 60 × 14 + 5 = 845. ಸರಿಹೋಯ್ತು.

ಈಗ ನಾನು ಎಡವಿದ ಜಾಗ. ಒಂದು ಡೆಲ್ಫಿ ಪ್ರೋಗ್ರಾಂನಲ್ಲಿ ಮೊತ್ತವೆಲ್ಲ ಪೈಸೆಯಲ್ಲಿತ್ತು. 100ರಿಂದ ಡಿವ್ ಮಾಡಿದರೆ ರೂಪಾಯಿ, ಮಾಡ್ ಹಾಕಿ ಮೈನಸ್ ತೆಗೆದರೆ ಪೈಸೆ. ನಾನು ಡಿವ್ ಜಾಗಕ್ಕೆ //, ಮಾಡ್ ಜಾಗಕ್ಕೆ % ಹಾಕಿದೆ. ಟೆಸ್ಟ್ ಎಲ್ಲ ಪಾಸ್. ತಿಂಗಳ ಕೊನೆಗೆ ಲೆಕ್ಕದವರ ಫೋನ್: "2.50 ರಿಫಂಡ್ ಆಗ್ಬೇಕಿತ್ತು, 3.50 ಅಂತ ಬಂದಿದೆಯಲ್ಲ ಸಾರ್?"

ರಿಫಂಡ್ ಅಂದ್ರೆ ಮೈನಸ್ ಮೊತ್ತ, −250 ಪೈಸೆ. ನೋಡಿ:

ಡೆಲ್ಫಿ: ಡಿವ್ = −2, ಮಾಡ್ = −50
ಪೈಥಾನ್: // = −3, % = 50

ಎರಡೂ ತಾಳೆಯಾಗುತ್ತೆ! 100 × (−2) − 50 = −250; 100 × (−3) + 50 = −250. ಡೆಲ್ಫಿ ಭಾಗಲಬ್ಧವನ್ನು ಸೊನ್ನೆಯ ಕಡೆಗೆ ಕತ್ತರಿಸುತ್ತೆ, ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತೆ. ನನ್ನ ಟೆಸ್ಟಲ್ಲಿದ್ದ ರಿಫಂಡ್‌ಗಳೆಲ್ಲ ರೌಂಡ್ ರೂಪಾಯಿ. ಶೇಷ ಸೊನ್ನೆಯಾದಾಗ ಎರಡೂ ಒಂದೇ ಉತ್ತರ, ಅದಕ್ಕೇ ಸಿಕ್ಕಿಬೀಳಲಿಲ್ಲ.

ಇನ್ನೊಂದು ಮಜಾ. ಐಎಸ್ಒ ಸ್ಟ್ಯಾಂಡರ್ಡ್ ಪ್ಯಾಸ್ಕಲ್ ಪ್ರಕಾರ ಮಾಡ್ ಉತ್ತರ ಎಂದೂ ಮೈನಸ್ ಅಲ್ಲ. ಅಲ್ಲಿ (−250) ಮಾಡ್ 100 = 50, ಆದರೆ ಡಿವ್ ಮಾತ್ರ −2. ಶಾಲೆಯ ತಾಳೆ ಹಾಕಿದರೆ −150! ಅಂದ್ರೆ "ಪ್ಯಾಸ್ಕಲ್‌ನಲ್ಲಿ ಹೀಗೆ" ಅಂತ ಹೇಳೋ ಮೊದಲು ಯಾವ ಕಂಪೈಲರ್ ಅಂತ ಕೇಳಬೇಕು.

ಪರಿಹಾರ ಸುಲಭ. ಮೊದಲು ಚಿಹ್ನೆ ಬೇರೆ ಎತ್ತಿಡಿ, ಪಾಸಿಟಿವ್ ಸಂಖ್ಯೆಯನ್ನು ಭಾಗಿಸಿ, ಕೊನೆಗೆ ಚಿಹ್ನೆ ಅಂಟಿಸಿ. ಇದರಿಂದ ಹಳೇ ಕೋಡ್‌ನ ಒಂದು ತಪ್ಪೂ ಹೋಯ್ತು: −50 ಪೈಸೆಗೆ ಡಿವ್ ಸೊನ್ನೆ, ಹಾಗಾಗಿ ಮೈನಸ್ಸೇ ಮಾಯವಾಗಿ 0.50 ಅಂತ ತೋರಿಸ್ತಿತ್ತು.

ಹಳೇ ಕೋಡ್ ಮುಟ್ಟೋ ಮೊದಲು ಎರಡೂ ಕಡೆ −250, −50 ಹಾಕಿ ಓಡಿಸಿ ನೋಡಿ. ಐದು ನಿಮಿಷದ ಕೆಲಸ, ತಿಂಗಳ ಕೊನೆಯ ಆ ಫೋನ್ ಕಾಲ್ ತಪ್ಪುತ್ತೆ. ಮುಂದಿನ ವಿಡಿಯೋದಲ್ಲಿ ಸಿಗೋಣ.