ಮೋಟಾರಿಲ್ಲದ ದ್ವೀಪದಲ್ಲಿ ರಜೆಯ ದಿನಗಳು

ರಜೆ ಬಂದಿತೆಂದರೆ ನಮ್ಮಲ್ಲಿ ಅನೇಕರಿಗೆ ಆತುರವೂ ಬರುವುದು. ನಾಲ್ಕು ದಿನಗಳಲ್ಲಿ ಎಂಟು ಊರುಗಳನ್ನು ಸುತ್ತಿ, ಮನೆಗೆ ಮರಳಿದ ಮೇಲೆ ಆಯಾಸ ಪರಿಹಾರಕ್ಕಾಗಿ ಇನ್ನೆರಡು ದಿನ ಮಲಗುವುದೇ ಪ್ರವಾಸವೆಂದು ಭಾವಿಸಿರುವವರುಂಟು. ಇದಕ್ಕೆ ತೀರ ವಿರುದ್ಧವಾದ ಒಂದು ಪ್ರವಾಸವನ್ನು ಇಲ್ಲಿ ಪರಿಚಯ ಮಾಡಿಕೊಡಬೇಕೆಂದಿದ್ದೇವೆ. ಇದರಲ್ಲಿ ನೋಡತಕ್ಕ ಊರು ಒಂದೇ. ಅದರ ಉದ್ದ ಸುಮಾರು ೫ ಕಿಲೋಮೀಟರು. ಅಗಲ ಅದರ ಅರ್ಧದಷ್ಟು. ಅಲ್ಲಿ ಮೋಟಾರು ಕಾರಿಲ್ಲ, ಬಸ್ಸಿಲ್ಲ, ಬೀದಿಯ ದೀಪವೂ ಇಲ್ಲ. ಹಾಗಾದರೆ ಅಲ್ಲಿ ನೋಡುವುದೇನಿದೆ ಎಂದು ವಾಚಕರು ಕೇಳಬಹುದು. ಇಲ್ಲದಿರುವ ವಸ್ತುಗಳ ದೆಸೆಯಿಂದಲೇ ಅಲ್ಲಿ ಕಾಣಸಿಗುವ ವಸ್ತುಗಳು ಅನೇಕವಿವೆ ಎಂಬುದೇ ಇದಕ್ಕೆ ಉತ್ತರ.

ಇಂಗ್ಲಿಷ್ ಕಡಲ್ಗಾಲುವೆಯಲ್ಲಿ, ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಸಮೀಪದಲ್ಲಿ, ಚಾನೆಲ್ ದ್ವೀಪಗಳೆಂಬ ದ್ವೀಪಸಮೂಹವಿದೆ. ಅವುಗಳಲ್ಲೊಂದು ಸಾರ್ಕ್. ಇದರ ವಿಸ್ತೀರ್ಣ ಸುಮಾರು ಐದೂವರೆ ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು ಐನೂರು. ಬ್ರಿಟಿಷ್ ರಾಜಮುಕುಟಕ್ಕೆ ಅಧೀನವಾಗಿದ್ದರೂ ತನ್ನ ಒಳಾಡಳಿತದ ಕಾನೂನುಗಳನ್ನು ತಾನೇ ರಚಿಸಿಕೊಳ್ಳುವ ಹಕ್ಕು ಈ ಪುಟ್ಟ ನಾಡಿಗುಂಟು. ಆ ಹಕ್ಕಿನಿಂದಲೇ ಅಲ್ಲಿಯವರು ಮೋಟಾರು ಕಾರುಗಳನ್ನು ದೂರವಿಟ್ಟಿದ್ದಾರೆ. ಬೇಸಾಯಕ್ಕೂ ಸಾಮಾನು ಸಾಗಣೆಗೂ ಟ್ರ್ಯಾಕ್ಟರುಗಳಿವೆ. ರೋಗಿಗಳನ್ನು ಒಯ್ಯುವ ಗಾಡಿಯನ್ನೂ ಬೆಂಕಿಯನ್ನು ನಂದಿಸುವ ಗಾಡಿಯನ್ನೂ ಟ್ರ್ಯಾಕ್ಟರೇ ಎಳೆಯುವುದು. ಉಳಿದಂತೆ ಎಲ್ಲರದೂ ಕಾಲ್ನಡಿಗೆ, ಬೈಸಿಕಲ್ಲು, ಇಲ್ಲವೆ ಕುದುರೆಗಾಡಿ.

ಒಂದು ಕುಟುಂಬವು ನೆರೆಯ ಗರ್ನ್‌ಸಿ ದ್ವೀಪದಿಂದ ಹಡಗನ್ನೇರಿ ಒಂದು ಗಂಟೆಯೊಳಗೆ ಸಾರ್ಕನ್ನು ತಲುಪಿತೆಂದು ಊಹಿಸಿಕೊಳ್ಳೋಣ. ತಂದೆ, ತಾಯಿ, ಹೈಸ್ಕೂಲಿನಲ್ಲಿ ಓದುವ ಮಗ, ಎಂಟು ವರ್ಷದ ಮಗಳು, ಅವರೊಡನೆ ಅಜ್ಜಿ. ಒಂದು ವಾರದ ವಾಸ. ಇವರು ಅಲ್ಲಿ ಕಲಿಯಬಹುದಾದ ಪಾಠಗಳು ಮೂರು: ಕಾಲಿನ ಅಳತೆ, ಕಡಲಿನ ಗಡಿಯಾರ, ಇರುಳಿನ ಕತ್ತಲೆ.

ಕಾಲಿನ ಅಳತೆ

ಮನುಷ್ಯನು ಸಾಮಾನ್ಯವಾಗಿ ಗಂಟೆಗೆ ೪ರಿಂದ ೫ ಕಿಲೋಮೀಟರು ನಡೆಯಬಲ್ಲನು. ಮಕ್ಕಳೊಡನೆ ನಡೆದರೆ ೩. ಆದುದರಿಂದ ದ್ವೀಪದ ನಡುವಿನಲ್ಲಿ ಮನೆಮಾಡಿಕೊಂಡವರಿಗೆ ಯಾವ ಅಂಚೂ ಒಂದು ಗಂಟೆಯ ನಡಿಗೆಗಿಂತ ಹೆಚ್ಚು ದೂರವಿಲ್ಲ. ಬೈಸಿಕಲ್ಲಾದರೆ ಶ್ರಮ ಇನ್ನೂ ಕಡಿಮೆ. ನಡೆಯುವಾಗ ಹೆಜ್ಜೆಹೆಜ್ಜೆಗೂ ನಮ್ಮ ದೇಹದ ಭಾರವನ್ನು ತುಸು ಮೇಲೆತ್ತಿ ಇಳಿಸುತ್ತಿರುತ್ತೇವೆ. ಬೈಸಿಕಲ್ಲಿನ ಮೇಲೆ ಆ ಭಾರವನ್ನು ಪೀಠವು ಹೊರುವುದು, ಚಕ್ರವು ಎಡೆಬಿಡದೆ ಉರುಳುವುದು. ಹೀಗಾಗಿ ಸಮತಟ್ಟಾದ ದಾರಿಯಲ್ಲಿ ಅದೇ ದೂರಕ್ಕೆ ನಡಿಗೆಗೆ ಬೇಕಾಗುವ ಶಕ್ತಿಯ ಸುಮಾರು ಮೂರರಲ್ಲೊಂದು ಭಾಗವೇ ಸಾಕು. ಇದನ್ನು ಮೋಟಾರು ಕಾರಿನೊಡನೆ ಹೋಲಿಸಿ ನೋಡಿ. ೧,೦೦೦ ಕಿಲೋಗ್ರಾಂ ತೂಕದ ಕಾರು ಒಟ್ಟು ೨೫೦ ಕಿಲೋಗ್ರಾಂ ತೂಕದ ನಾಲ್ವರನ್ನು ಒಯ್ಯುವಾಗ, ಚಲಿಸುವ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಕಾರಿನದೇ!

ದ್ವೀಪದ ದಕ್ಷಿಣಕ್ಕೆ ಲಿಟಲ್ ಸಾರ್ಕ್ ಎಂಬ ಭಾಗವಿದೆ. ಎರಡನ್ನೂ ಜೋಡಿಸಿರುವುದು ಲಾ ಕೂಪೇ ಎಂಬ ಕಿರಿದಾದ ಭೂಸಂಧಿ. ಅದರ ಮೇಲಿನ ದಾರಿಯ ಅಗಲ ಸುಮಾರು ೩ ಮೀಟರು. ಎರಡು ಪಕ್ಕಗಳಲ್ಲಿಯೂ ಸುಮಾರು ೮೦ ಮೀಟರು ಕೆಳಗೆ ಕಡಲು. ೧೯೦೦ರಲ್ಲಿ ಕಟಕಟೆಯನ್ನು ಹಾಕುವುದಕ್ಕೆ ಮುಂಚೆ, ಬಿರುಗಾಳಿ ಬೀಸಿದಾಗ ಮಕ್ಕಳು ಅಂಬೆಗಾಲಿಕ್ಕಿ ಇದನ್ನು ದಾಟುತ್ತಿದ್ದರಂತೆ. ಎರಡನೆಯ ಮಹಾಯುದ್ಧದಲ್ಲಿ ದ್ವೀಪವು ಜರ್ಮನರ ವಶದಲ್ಲಿತ್ತು. ಬಿಡುಗಡೆಯಾದ ೧೯೪೫ರಲ್ಲಿ ಜರ್ಮನ್ ಯುದ್ಧಕೈದಿಗಳೇ ಬ್ರಿಟಿಷ್ ಸೈನ್ಯದ ಎಂಜಿನಿಯರುಗಳ ಮೇಲ್ವಿಚಾರಣೆಯಲ್ಲಿ ಈಗಿರುವ ಕಾಂಕ್ರೀಟು ದಾರಿಯನ್ನು ನಿರ್ಮಿಸಿದರು. ಇಲ್ಲಿ ಬೈಸಿಕಲ್ಲಿನಿಂದಲೂ ಇಳಿದು ನಡೆಯಬೇಕು. ನಡೆಯುವವನಿಗೆ ಮಾತ್ರ ಒಂದು ಸಂಗತಿ ಗೋಚರವಾಗುವುದು: ಅಲೆಗಳು ಈ ಬಂಡೆಯ ಗೋಡೆಯನ್ನು ಎರಡು ಕಡೆಗಳಿಂದಲೂ ಸವೆಸುತ್ತಿವೆ. ಒಂದು ದ್ವೀಪವು ಎರಡಾಗುವ ಬಗೆಯನ್ನು ಕಣ್ಣಾರೆ ಕಾಣಬೇಕಾದರೆ ಇಲ್ಲಿ ನಿಲ್ಲಬೇಕು.

ಕಡಲಿನ ಗಡಿಯಾರ

ನಮ್ಮ ಕರಾವಳಿಯಲ್ಲಿ ಸಮುದ್ರದ ಉಬ್ಬರವಿಳಿತಗಳ ಅಂತರ ಸುಮಾರು ಒಂದೂವರೆ ಎರಡು ಮೀಟರಿನಷ್ಟು. ಸಾರ್ಕಿನ ಸುತ್ತಲಾದರೋ ದೊಡ್ಡ ಉಬ್ಬರದ ದಿನಗಳಲ್ಲಿ ಅದು ಸುಮಾರು ೯ ಮೀಟರಾಗುವುದು; ಎಂದರೆ ಮೂರಂತಸ್ತಿನ ಕಟ್ಟಡದ ಎತ್ತರ! ಇದಕ್ಕೆ ಕಾರಣವೇನು? ಅಟ್ಲಾಂಟಿಕ್ ಸಾಗರದಿಂದ ಕಡಲ್ಗಾಲುವೆಯನ್ನು ಹೊಗುವ ಉಬ್ಬರದ ಅಲೆಗೆ ನಾರ್ಮಂಡಿಯ ಕೋಟಾಂಟೀನ್ ಪರ್ಯಾಯದ್ವೀಪವು ಅಡ್ಡವಾಗಿ ನಿಂತಿದೆ. ಅಲ್ಲಿಯ ಕೊಲ್ಲಿಯಲ್ಲಿ ನೀರು ತಡೆದು, ಪುಟಿದು, ಮರಳಿ ಬರುವುದು. ಉಯ್ಯಾಲೆಯನ್ನು ಅದರ ತೂಗಾಟಕ್ಕೆ ಸರಿಹೊಂದುವಂತೆ ತಳ್ಳಿದರೆ ಸಣ್ಣ ತಳ್ಳುವಿಕೆಯಿಂದಲೂ ಅದು ಎತ್ತರಕ್ಕೆ ಏರುವುದಷ್ಟೆ? ಕೊಲ್ಲಿಯ ಆಕಾರವೂ ಆಳವೂ ಸಾಗರದ ಉಬ್ಬರಕ್ಕೆ ಹಾಗೆಯೇ ಹೊಂದಿಕೊಂಡಿರುವುದರಿಂದ ನೀರು ಇಷ್ಟು ಎತ್ತರಕ್ಕೆ ಏರುವುದು.

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ೧೨ ಗಂಟೆ ೨೫ ನಿಮಿಷ. ನೀರು ಏರತಕ್ಕ ಸುಮಾರು ೬ ಗಂಟೆಗಳಲ್ಲಿ ಒಂದೇ ವೇಗದಿಂದ ಏರುವುದಿಲ್ಲ. ಇದಕ್ಕೆ ನಾವಿಕರಲ್ಲಿ ಒಂದು ಸರಳವಾದ ಲೆಕ್ಕವಿದೆ. ಒಟ್ಟು ಏರಿಕೆಯನ್ನು ೧೨ ಪಾಲು ಮಾಡಿದರೆ ಮೊದಲನೆಯ ಗಂಟೆಯಲ್ಲಿ ೧ ಪಾಲು, ಎರಡನೆಯದರಲ್ಲಿ ೨, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ೩, ಐದನೆಯದರಲ್ಲಿ ೨, ಕೊನೆಯದರಲ್ಲಿ ೧. ಏರಿಕೆ ೯ ಮೀಟರಾದರೆ ಮೊದಲ ಗಂಟೆಯಲ್ಲಿ ಮುಕ್ಕಾಲು ಮೀಟರು ಮಾತ್ರ. ಆದರೆ ಮೂರನೆಯ ಗಂಟೆಯಲ್ಲಿ ಎರಡೂಕಾಲು ಮೀಟರು, ಎಂದರೆ ನಿಮಿಷಕ್ಕೆ ಸುಮಾರು ೪ ಸೆಂಟಿಮೀಟರು! ಮರಳಿನ ಕೋಟೆಯನ್ನು ಕಟ್ಟುತ್ತ ಮೈಮರೆತ ನಮ್ಮ ಎಂಟು ವರ್ಷದ ಹುಡುಗಿಯ ಮೊಣಕಾಲು ಹತ್ತು ನಿಮಿಷಗಳಲ್ಲಿ ಮುಳುಗುವುದು. ಅರ್ಧ ಗಂಟೆಯಲ್ಲಿ ನೀರು ಅವಳ ಎದೆಯನ್ನು ಮೀರುವುದು. ಹಿಂದೆ ಕಡಿದಾದ ಬಂಡೆಯಿದ್ದು, ಇಳಿದು ಬಂದ ದಾರಿಯು ಅಷ್ಟರಲ್ಲಿ ನೀರಿನ ಪಾಲಾಗಿದ್ದರೆ ಗತಿಯೇನು? ಆದುದರಿಂದ ಇಲ್ಲಿ ತಾಯಿತಂದೆಯರು ಬೆಳಗ್ಗೆ ಎದ್ದೊಡನೆ ನೋಡತಕ್ಕದ್ದು ಕೈಗಡಿಯಾರವನ್ನಲ್ಲ, ಉಬ್ಬರವಿಳಿತದ ಪಟ್ಟಿಯನ್ನು. ಇಳಿತದೊಡನೆ ಕೆಳಗಿಳಿದು, ನೀರು ತಿರುಗುವುದಕ್ಕೆ ಮುಂಚೆಯೇ ಮೇಲೇರಬೇಕೆಂಬುದು ನಿಯಮ.

ಈ ನಿಯಮವನ್ನು ಪಾಲಿಸುವವರಿಗೆ ಕಡಲು ತನ್ನ ಭಂಡಾರವನ್ನು ತೆರೆಯುವುದು. ದ್ವೀಪದ ಪಶ್ಚಿಮದಲ್ಲಿರುವ ಗೂಲಿಯೋ ಗುಹೆಗಳ ಗೋಡೆಗಳ ಮೇಲೆ ಹೂಗಳಂತೆ ಅರಳುವ ಕಡಲ ಅನಿಮೋನಿಗಳೂ ಸ್ಪಂಜುಪ್ರಾಣಿಗಳೂ ದಟ್ಟವಾಗಿ ನೆಲಸಿವೆ. ಈ ಸ್ಥಳವು ೨೦೦೭ರಲ್ಲಿ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ದೊಡ್ಡ ಇಳಿತದ ದಿನಗಳಲ್ಲಿ ಮಾತ್ರ, ದಾರಿಬಲ್ಲವರೊಡನೆ, ಅಲ್ಪಕಾಲ ಇದರೊಳಗೆ ಹೋಗಬಹುದು.

ಇರುಳಿನ ಕತ್ತಲೆ

ಹಗಲು ಮುಗಿದ ಮೇಲೆ ಮೂರನೆಯ ಪಾಠ. ಬೀದಿದೀಪಗಳಿಲ್ಲದ ಸಾರ್ಕನ್ನು ೨೦೧೧ರ ಜನವರಿಯಲ್ಲಿ ಅಂತರರಾಷ್ಟ್ರೀಯ ಇರುಳಾಕಾಶ ಸಂಘವು ಜಗತ್ತಿನ ಮೊತ್ತಮೊದಲನೆಯ 'ಕತ್ತಲೆಯ ಆಕಾಶದ ದ್ವೀಪ'ವೆಂದು ಘೋಷಿಸಿತು. ದೊಡ್ಡ ನಗರಗಳಲ್ಲಿ ದೀಪಗಳ ಬೆಳಕು ಗಾಳಿಯಲ್ಲಿರುವ ಕಣಗಳಿಂದ ಚದರಿ ಆಕಾಶವನ್ನೆಲ್ಲ ಮಸಕುಗೊಳಿಸುವುದರಿಂದ ಕೆಲವೇ ಹತ್ತು ನಕ್ಷತ್ರಗಳು ಕಾಣುವುವು. ನಿಜವಾದ ಕತ್ತಲೆಯಲ್ಲಿ ಬರಿಗಣ್ಣಿಗೆ ಒಮ್ಮೆಗೆ ಎರಡು ಸಾವಿರಕ್ಕೂ ಮಿಗಿಲಾಗಿ ಕಾಣಬಲ್ಲವು.

ಆದರೆ ಹೊರಗೆ ಬಂದ ಕೂಡಲೇ ಇವೆಲ್ಲವೂ ತೋರಲಾರವು. ಮಂದವಾದ ಬೆಳಕನ್ನು ಗ್ರಹಿಸುವುದು ಅಕ್ಷಿಪಟಲದಲ್ಲಿರುವ ದಂಡಕೋಶಗಳ ಕೆಲಸ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯವು ಹೆಚ್ಚು ಬೆಳಕಿನಲ್ಲಿ ಒಡೆದುಹೋಗಿ ಕತ್ತಲೆಯಲ್ಲಿ ಮರಳಿ ಕೂಡಿಕೊಳ್ಳುವುದು. ಇದಕ್ಕೆ ೨೦ರಿಂದ ೩೦ ನಿಮಿಷಗಳು ಬೇಕು. ನಡುವೆ ಒಮ್ಮೆ ಬಿಳಿಯ ಬ್ಯಾಟರಿ ಬೆಳಕನ್ನೋ ಮೊಬೈಲು ಫೋನನ್ನೋ ನೋಡಿದರೆ ಕಾದದ್ದೆಲ್ಲ ವ್ಯರ್ಥ. ಕೆಂಪು ಬೆಳಕಾದರೆ ಬಾಧಕವು ಅಲ್ಪ. ತಾಳ್ಮೆಯಿಂದ ಕುಳಿತವರ ತಲೆಯ ಮೇಲೆ ಆಕಾಶಗಂಗೆಯು ಮೆಲ್ಲನೆ ಮೂಡುವುದು. ಬೆಂಗಳೂರಿನಲ್ಲಿ ದಿಗಂತದಿಂದ ಕೇವಲ ೧೩ ಅಂಶಗಳಷ್ಟು ಮೇಲಿರುವ ಧ್ರುವನಕ್ಷತ್ರವು ಇಲ್ಲಿ ೪೯ ಅಂಶಗಳಷ್ಟು ಎತ್ತರದಲ್ಲಿರುವುದನ್ನು ಮಗನು ಗುರುತಿಸಬಹುದು; ಅದು ಆಯಾ ಸ್ಥಳದ ಅಕ್ಷಾಂಶವೇ. ಈಶಾನ್ಯದಲ್ಲಿ ಮಂಜಿನ ತುಣುಕಿನಂತೆ ತೋರುವ ಆಂಡ್ರೊಮಿಡಾ ಗ್ಯಾಲಕ್ಸಿಯು ೨೫ ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಆ ಬೆಳಕು ಹೊರಟಾಗ ನಮ್ಮ ಮಾನವಜಾತಿಯು ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ.

ಇಷ್ಟನ್ನೂ ಕಾಣಬೇಕಾದರೆ ಹೋಗತಕ್ಕ ಕಾಲ ಯಾವುದು? ಜೂನ್ ತಿಂಗಳ ಬಹುಭಾಗದಲ್ಲಿ ಆ ಅಕ್ಷಾಂಶದಲ್ಲಿ ಸೂರ್ಯನು ನಡುರಾತ್ರಿಯಲ್ಲಿಯೂ ದಿಗಂತದಿಂದ ೧೮ ಅಂಶ ಕೆಳಗಿಳಿಯುವುದಿಲ್ಲ. ಆದುದರಿಂದ ಪೂರ್ಣವಾದ ಕತ್ತಲೆಯೇ ಆಗುವುದಿಲ್ಲ. ಆಗಸ್ಟಿನ ಕೊನೆಗೆ ರಾತ್ರಿಯು ಮರಳಿ ತುಂಬಿಕೊಳ್ಳುವುದು. ಆಗ ಅಮಾವಾಸ್ಯೆಯ ಆಸುಪಾಸಿನ ವಾರವನ್ನು ಆರಿಸಿಕೊಳ್ಳಬೇಕು. ಆ ದಿನಗಳಲ್ಲಿ ಸೂರ್ಯ ಚಂದ್ರರ ಸೆಳೆತಗಳು ಒಂದುಗೂಡುವುದರಿಂದ ಅತಿ ದೊಡ್ಡ ಇಳಿತಗಳಾಗುವುವು. ಅಮಾವಾಸ್ಯೆಯಲ್ಲಿ ಚಂದ್ರನು ಸೂರ್ಯನೊಡನೆಯೇ ನಡುನೆತ್ತಿಯನ್ನು ದಾಟುವನು. ಆದುದರಿಂದ ಒಂದು ಸ್ಥಳದಲ್ಲಿ ಅಮಾವಾಸ್ಯೆಯ ಇಳಿತಗಳೆಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುವುವು. ಸಾರ್ಕಿನಲ್ಲಿ ಆ ಹೊತ್ತು ಮಧ್ಯಾಹ್ನದ ಒಂದೆರಡು ಗಂಟೆಯ ಸುಮಾರು. ಚಂದ್ರನಿಲ್ಲದ ಇರುಳು ನಕ್ಷತ್ರಗಳಿಗೆ ಮೀಸಲು. ಹಗಲು ಕಡಲ ತಳವನ್ನು ತೋರುವ ಚಂದ್ರನೇ ಇರುಳು ಮರೆಯಾಗಿ ಆಕಾಶದ ಆಳವನ್ನೂ ತೋರುವನು. ನಮ್ಮ ಅಜ್ಜಿಯ ಪಂಚಾಂಗವು ಇಲ್ಲಿ ಎರಡಕ್ಕೂ ಉಪಯೋಗಕ್ಕೆ ಬಂದಿತು!

ಈ ದ್ವೀಪದ ನೀರವತೆಯೂ ಕತ್ತಲೆಯೂ ಪ್ರಕೃತಿಯು ತಾನಾಗಿ ಕೊಟ್ಟ ವರಗಳೆಂದು ಭಾವಿಸಬಾರದು. ಕಾರು ಬೇಡವೆಂದು, ಮನೆಯ ಹೊರಗಿನ ದೀಪಗಳು ಆಕಾಶಕ್ಕೆ ಬೆಳಕು ಚೆಲ್ಲದಿರಲೆಂದು ಅಲ್ಲಿಯ ಜನರು ಒಪ್ಪಿ ನಡೆದುಕೊಂಡದ್ದರಿಂದ ಅವು ಉಳಿದುಬಂದಿವೆ. ಇದಕ್ಕಾಗಿ ಅವರು ಬೆಲೆಯನ್ನೂ ತೆರುತ್ತಾರೆ. ಕಾಯಿಲೆಯವರನ್ನು ಸಾಗಿಸುವುದೂ ಅಲ್ಲಿ ನಿಧಾನವೇ. ನಮ್ಮ ದೇಶದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ವೀಕ್ಷಣಾಲಯವನ್ನು ನಡೆಸುತ್ತಿರುವ ಲಡಾಖಿನ ಹಾನ್ಲೆ ಪ್ರದೇಶವನ್ನು ೨೦೨೨ರಲ್ಲಿ ಕತ್ತಲೆಯ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಸಾರ್ಕಿಗೆ ಹೋಗುವ ಅನುಕೂಲ ಎಲ್ಲರಿಗೂ ಇರಲಾರದು. ಆದರೆ ಒಂದು ಪ್ರಯೋಗವು ಎಲ್ಲರಿಗೂ ಸಾಧ್ಯ. ಮುಂದಿನ ಅಮಾವಾಸ್ಯೆಯ ರಾತ್ರಿ ಮನೆಯ ಹೊರಗಿನ ದೀಪವನ್ನು ಆರಿಸಿ, ಮನೆಯವರೆಲ್ಲರೂ ಮಾಳಿಗೆಯ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತು, ಕಾಣುವ ನಕ್ಷತ್ರಗಳನ್ನು ಎಣಿಸಿ ಬರೆದಿಡಿ. ರಜೆಯಲ್ಲಿ ಹಳ್ಳಿಗೆ ಹೋದಾಗ ಹಾಗೆಯೇ ಮತ್ತೊಮ್ಮೆ ಎಣಿಸಿರಿ. ನಾವು ಕಳೆದುಕೊಂಡಿರುವುದೆಷ್ಟು ಎಂಬುದಕ್ಕೆ ಆ ಎರಡು ಸಂಖ್ಯೆಗಳೇ ಸಾಕ್ಷಿ ಹೇಳುವುವು.