ಎಂಟನೇ ಕ್ಲಾಸಿನ ಸೈಕಲ್ ಮತ್ತೆ ರಸ್ತೆಗೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ದಿನ ಕುರ್ಚಿಯಲ್ಲೇ ಕಳೆಯುತ್ತದೆ. ಎರಡು ವರ್ಷದಲ್ಲಿ ನನಗೆ ಬಂದದ್ದು ಬೆನ್ನುನೋವು, ಒಂಬತ್ತು ಕೆ.ಜಿ. ತೂಕ; ಕೆಲಸ ಇನ್ನೂ ಬಂದಿಲ್ಲ. ಜಿಮ್‌ಗೆ ಅಪ್ಪನ ಹತ್ತಿರ ದುಡ್ಡು ಕೇಳಲು ಮನಸ್ಸಾಗಲಿಲ್ಲ. ಊರಿನ ಕೊಟ್ಟಿಗೆಯಲ್ಲಿದ್ದ ಸೈಕಲ್ಲನ್ನೇ ಮೈಸೂರಿನ ರೂಮಿಗೆ ತಂದೆ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಕೊಡುತ್ತಿತ್ತಲ್ಲ, ಅದೇ.

ಶಾಪಿನವರು ಟ್ಯೂಬ್ ಬದಲಿಸಿ, ಚೈನಿಗೆ ಎಣ್ಣೆ ಬಿಟ್ಟು, ಸೀಟು ಏರಿಸಿಕೊಟ್ಟರು. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರಬೇಕು. ಸೀಟು ತಗ್ಗಿದ್ದರೆ ಭಾರವೆಲ್ಲ ಮಂಡಿಗೇ. ನನ್ನ ಪ್ರಕಾರ ಇದು ದುಬಾರಿ ಗೇರ್ ಸೈಕಲ್ಲಿಗಿಂತ ಮುಖ್ಯ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗ್ರಂಥಾಲಯಕ್ಕೆ ಹೋಗಲು ಕಾಲು ಗಂಟೆ, ಬರಲು ಕಾಲು ಗಂಟೆ. ಐದು ದಿನಕ್ಕೆ ಲೆಕ್ಕ ಚುಕ್ತಾ! ಓದಿನ ಸಮಯ ಕಡಿಮೆಯಾಗಲಿಲ್ಲ, ಬಸ್ಸಿಗೆ ಕಾಯುವುದು ತಪ್ಪಿತು.

ಭಾನುವಾರ ಚಾಮುಂಡಿ ಬೆಟ್ಟ. ಏರು ಜಾಸ್ತಿಯಾದಲ್ಲಿ ಇಳಿದು ತಳ್ಳುತ್ತೇನೆ, ನಾಚಿಕೆಯೇನಿಲ್ಲ.

ಐದು ತಿಂಗಳಲ್ಲಿ ಇಳಿದದ್ದು ಮೂರೇ ಕೆ.ಜಿ. ಆದರೆ ಮಧ್ಯಾಹ್ನ ಪುಸ್ತಕದ ಮೇಲೆ ತೂಕಡಿಸುವುದು ನಿಂತಿದೆ. ಕಾನ್‌ಸ್ಟೇಬಲ್ ಹುದ್ದೆಯ 1600 ಮೀಟರ್ ಓಟಕ್ಕೆ ಮಾತ್ರ ಸೈಕಲ್ ಸಾಲದು, ಅದಕ್ಕೆ ಓಡಲೇಬೇಕು. ಬರುವ ವಾರದಿಂದ ಎರಡು ದಿನ ಮೈದಾನಕ್ಕೆ ಹೋಗುವವನಿದ್ದೇನೆ, ಸೈಕಲ್ಲಿನಲ್ಲೇ.