ಗೇರು ಬದಲಾವಣೆಯಲ್ಲಿ ಕ್ರಮಲಂಘನ

ಮೋಟಾರು ವಾಹನವನ್ನು ನಡೆಸಲು ಕಲಿಯುವವನಿಗೆ ಮೊದಮೊದಲು ದೊರೆಯುವ ಉಪದೇಶಗಳಲ್ಲಿ, ಗೇರುಗಳನ್ನು ಒಂದಾದ ಮೇಲೊಂದರಂತೆ ಹಾಕಬೇಕು, ನಡುವೆ ಯಾವುದನ್ನೂ ಬಿಡಬಾರದು ಎಂಬುದೂ ಒಂದು. ನುರಿತ ಚಾಲಕರಾದರೋ ಐದರಿಂದ ಮೂರಕ್ಕೆ, ನಾಲ್ಕರಿಂದ ಎರಡಕ್ಕೆ ನಿಸ್ಸಂಕೋಚವಾಗಿ ಹಾರುತ್ತಾರೆ. ಇವರಲ್ಲಿ ಯಾರ ನಡತೆ ಸರಿ? ಯಂತ್ರಕ್ಕೆ ಕೇಡಾಗುವುದು ನಡುವಿನ ಗೇರನ್ನು ಬಿಟ್ಟುದರಿಂದಲೋ, ಬೇರೊಂದು ಕಾರಣದಿಂದಲೋ? ಇದನ್ನು ಯಂತ್ರಶಾಸ್ತ್ರದ ಸಾಮಾನ್ಯ ತತ್ತ್ವಗಳಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪ್ರಶ್ನೆ ನಮಗೆ ದೂರದ್ದಲ್ಲ. ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಕಡಗಂಚಿಯ ಆವರಣವು ಕಲಬುರಗಿ–ಆಳಂದ ಮಾರ್ಗದಲ್ಲಿದೆ. ಇದು ಕರಿಮಣ್ಣಿನ ಬಯಲು. ನೆಲ ಅಲ್ಲಲ್ಲಿ ಮೆಲ್ಲನೆ ಏರಿಳಿಯುವುದೇ ಹೊರತು ಘಟ್ಟಗಳಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ ಮೊದಲಾದೆಡೆಯ ಸಕ್ಕರೆ ಕಾರ್ಖಾನೆಗಳತ್ತ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಈ ಸೀಮೆಯ ರಸ್ತೆಗಳಲ್ಲಿ ನಿಧಾನವಾಗಿ ಸಾಗುತ್ತವೆ. ಅವುಗಳ ಬೆನ್ನಿಗೆ ಬಂದ ಕಾರು ವೇಗವನ್ನು ಅರ್ಧಕ್ಕಿಳಿಸಿ, ಎದುರು ದಾರಿ ತೆರವಾದೊಡನೆ ಮತ್ತೆ ಚುರುಕಾಗಿ ಮುಂದೆ ಹೋಗಬೇಕಾಗುತ್ತದೆ. ಆ ಗಳಿಗೆಯಲ್ಲಿ ಐದನೆಯ ಗೇರಿನಿಂದ ಎಲ್ಲಿಗೆ, ಹೇಗೆ ಇಳಿಯಬೇಕೆಂಬುದು ಕೇವಲ ಶಾಸ್ತ್ರಚರ್ಚೆಯಲ್ಲ. ಎದುರಿನಿಂದ ಬರುವವರ ಜೀವವೂ ಅದರಲ್ಲಿ ಸೇರಿದೆ.

ಗೇರುಪೆಟ್ಟಿಗೆಯ ಕೆಲಸ ಎಂಜಿನ್ನಿನ ಸುತ್ತುಗಳಿಗೂ ಗಾಲಿಯ ಸುತ್ತುಗಳಿಗೂ ಒಂದು ನಿಶ್ಚಿತ ಪ್ರಮಾಣವನ್ನು ಏರ್ಪಡಿಸುವುದು. ಕೆಳಗಿನ ಗೇರಿನಲ್ಲಿ ಎಂಜಿನ್ನು ಹೆಚ್ಚು ಸಲ ಸುತ್ತಿ ಗಾಲಿಗೆ ಹೆಚ್ಚು ತಿರುಚುಬಲವನ್ನು ಒದಗಿಸುತ್ತದೆ. ಮೇಲಿನ ಗೇರಿನಲ್ಲಿ ಕಡಮೆ ಸುತ್ತಿ ಹೆಚ್ಚು ವೇಗವನ್ನು ಕೊಡುತ್ತದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಐದು ಗೇರುಗಳ ಪ್ರಮಾಣ ಕ್ರಮವಾಗಿ ೩.೫, ೨.೦, ೧.೪, ೧.೦, ೦.೮ ಇರಲಿ, ಗಾಲಿಯ ಅಚ್ಚಿನಲ್ಲಿರುವ ಕೊನೆಯ ಪ್ರಮಾಣ ೪, ಗಾಲಿಯ ಸುತ್ತಳತೆ ೧.೮ ಮೀಟರು. ಗಂಟೆಗೆ ೩೬ ಕಿಲೋಮೀಟರು ವೇಗದಲ್ಲಿ ವಾಹನವು ನಿಮಿಷಕ್ಕೆ ೬೦೦ ಮೀಟರು ಕ್ರಮಿಸುತ್ತದೆ. ಆಗ ಎಂಜಿನ್ನು ಸುತ್ತಬೇಕಾದುದು ಐದನೆಯ ಗೇರಿನಲ್ಲಿ ನಿಮಿಷಕ್ಕೆ ಸುಮಾರು ೧,೦೬೭ ಸಲ, ನಾಲ್ಕರಲ್ಲಿ ೧,೩೩೩, ಮೂರರಲ್ಲಿ ೧,೮೬೭, ಎರಡರಲ್ಲಿ ೨,೬೬೭, ಒಂದರಲ್ಲಿ ೪,೬೬೭ ಸಲ.

ಈ ಸಂಖ್ಯೆಗಳನ್ನು ನೋಡಿದೊಡನೆ ಒಂದು ವಿಷಯ ಸ್ಪಷ್ಟವಾಗುತ್ತದೆ. ವಾಹನ ೩೬ ಕಿಲೋಮೀಟರು ವೇಗಕ್ಕೆ ಇಳಿದಿದ್ದರೆ ಎರಡನೆಯ ಗೇರು ಅದಕ್ಕೆ ಒಪ್ಪುವ ಗೇರು. ಅದಕ್ಕೆ ಮೂರರಿಂದ ಬಂದರೂ ಐದರಿಂದ ಬಂದರೂ ಎಂಜಿನ್ನು ಕೊನೆಗೆ ಸುತ್ತುವುದು ೨,೬೬೭ ಸಲವೇ. ಎಂಜಿನ್ನಿಗೆ ಹಿಂದಿನ ಗೇರು ಯಾವುದಿತ್ತೆಂಬ ನೆನಪಿರುವುದಿಲ್ಲ. ವೇಗ ೭೨ ಕಿಲೋಮೀಟರು ಇರುವಾಗ ಅದೇ ಎರಡನೆಯ ಗೇರನ್ನು ಹಾಕಿದರೆ ಸುತ್ತು ೫,೩೩೩ಕ್ಕೆ ಏರುತ್ತದೆ; ಒಂದನೆಯದನ್ನು ಹಾಕಿದರೆ ೯,೩೩೩ಕ್ಕೆ. ಇಲ್ಲಿ ಕೇಡಿನ ಮೂಲ ಲಂಘನವಲ್ಲ, ವೇಗಕ್ಕೆ ಒಪ್ಪದ ಗೇರು. ಇಷ್ಟೇ ಅಲ್ಲ: ಕ್ಲಚ್ಚನ್ನು ಒತ್ತಿಹಿಡಿದು ಎಂಜಿನ್ನನ್ನು ಬೇರ್ಪಡಿಸಿದ್ದರೂ, ಕ್ಲಚ್ಚಿನ ತಟ್ಟೆ ಗೇರುಪೆಟ್ಟಿಗೆಯ ಕಡೆಗೆ ಸೇರಿರುವುದರಿಂದ ಅದು ಆ ಅತಿವೇಗದಲ್ಲಿ ಸುತ್ತಲೇಬೇಕು. ಅಂಥ ಸಂದರ್ಭದಲ್ಲಿ ತಟ್ಟೆಯ ಮೇಲ್ಹೊದಿಕೆ ಸಿಡಿದುಹೋಗುವುದುಂಟು. ಎಂಜಿನ್ನಿನ ಅತಿವೇಗವನ್ನು ತಡೆಯುವ ಇಂದಿನ ಸಾಧನಗಳು ಇಂಧನವನ್ನು ಮಾತ್ರ ತಡೆಯಬಲ್ಲವು. ಗಾಲಿಗಳೇ ಯಂತ್ರವನ್ನು ತಿರುಗಿಸುವಾಗ ಅವು ನಿರುಪಯುಕ್ತ.

ಹಾಗಾದರೆ ಕ್ರಮವಾಗಿ ಇಳಿಯಿರೆಂಬ ಉಪದೇಶಕ್ಕೆ ಆಧಾರವೇ ಇಲ್ಲವೆ? ಇದೆ, ಅದನ್ನು ತಿಳಿಯಲು ಗೇರುಪೆಟ್ಟಿಗೆಯ ಇತಿಹಾಸವನ್ನು ಸ್ವಲ್ಪ ನೋಡಬೇಕು. ಹಳೆಯ ಪೆಟ್ಟಿಗೆಗಳಲ್ಲಿ, ಸೇರಬೇಕಾದ ಎರಡು ಭಾಗಗಳ ವೇಗವನ್ನು ಸರಿದೂಗಿಸುವ ಹೊಣೆ ಪೂರ್ತಿಯಾಗಿ ಚಾಲಕನದೇ. ಅವನು ಕ್ಲಚ್ಚನ್ನು ಒತ್ತಿ ಗೇರನ್ನು ಬಿಡಿಸಿ, ಕ್ಲಚ್ಚನ್ನು ಬಿಟ್ಟು ಎಂಜಿನ್ನಿನ ಸುತ್ತನ್ನು ಏರಿಸಿ, ಮತ್ತೆ ಕ್ಲಚ್ಚನ್ನು ಒತ್ತಿ ಕೆಳಗಿನ ಗೇರನ್ನು ಸೇರಿಸಬೇಕಾಗಿತ್ತು. ಅಂತರ ಹೆಚ್ಚಿದಷ್ಟೂ ಅಂದಾಜು ತಪ್ಪುವ ಸಂಭವ ಹೆಚ್ಚು. ತಪ್ಪಿದರೆ ಹಲ್ಲುಗಳು ಕರಕರನೆ ಅರೆಯುತ್ತಿದ್ದವು. ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ೧೯೨೮ರಲ್ಲಿ ಬಳಕೆಗೆ ಬಂದ ಸಿಂಕ್ರೊಮೆಶ್ ಎಂಬ ಏರ್ಪಾಡು ಈ ಕಷ್ಟವನ್ನು ಕಳೆಯಿತು. ಅದರಲ್ಲಿ ಹಲ್ಲುಗಳು ಕೂಡುವ ಮೊದಲೇ ಶಂಕುವಿನಾಕಾರದ ಎರಡು ಮೈಗಳು ಒಂದನ್ನೊಂದು ಉಜ್ಜಿ ವೇಗವನ್ನು ಸಮಗೊಳಿಸುತ್ತವೆ. ನಮ್ಮ ದೇಶದಲ್ಲಿ ಬಹುಕಾಲ ಓಡಿದ ಅಂಬಾಸಡರ್ ಕಾರಿನ ಮೊದಲ ಮಾದರಿಗಳಲ್ಲಿ ಮೇಲಿನ ಮೂರು ಗೇರುಗಳಿಗೆ ಮಾತ್ರ ಈ ಏರ್ಪಾಡಿತ್ತು, ಒಂದನೆಯದಕ್ಕೆ ಇರಲಿಲ್ಲ.

ಈ ಉಜ್ಜುವ ಉಂಗುರದ ಮೇಲೆ ಬೀಳುವ ಕೆಲಸವು ವೇಗಗಳ ವ್ಯತ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ನಮ್ಮ ಉದಾಹರಣೆಯಲ್ಲಿ, ೩೬ ಕಿಲೋಮೀಟರು ವೇಗದಲ್ಲಿ ಐದರಿಂದ ನಾಲ್ಕು, ನಾಲ್ಕರಿಂದ ಮೂರು, ಮೂರರಿಂದ ಎರಡು ಎಂಬ ಮೆಟ್ಟಿಲುಗಳಲ್ಲಿ ಸುತ್ತುಗಳ ವ್ಯತ್ಯಾಸ ೨೬೭, ೫೩೩, ೮೦೦, ಎಂದರೆ ೧:೨:೩. ಇವುಗಳ ವರ್ಗಗಳ ಮೊತ್ತ ೧೪. ಐದರಿಂದ ಎರಡಕ್ಕೆ ಒಮ್ಮೆಗೇ ಹಾರಿದರೆ ವ್ಯತ್ಯಾಸ ೬, ಅದರ ವರ್ಗ ೩೬. ಒಟ್ಟು ಕೆಲಸ ಸುಮಾರು ಎರಡೂವರೆ ಪಟ್ಟಾಯಿತು. ಕ್ರಮವಾಗಿ ಇಳಿದಾಗ ಆ ಕೆಲಸ ಮೂರು ಉಂಗುರಗಳಿಗೆ ಹಂಚಿಹೋಗುತ್ತದೆ. ಹಾರಿದಾಗ ಎರಡನೆಯ ಗೇರಿನ ಉಂಗುರವೊಂದೇ, ತನ್ನ ಪಾಲಿನ ೯ಕ್ಕೆ ಬದಲಾಗಿ ೩೬ನ್ನು, ಎಂದರೆ ನಾಲ್ಕು ಪಟ್ಟನ್ನು ಹೊರಬೇಕು. ಹಳೆಯ ಚಾಲಕರಂತೆ ನಡುವೆ ಎಂಜಿನ್ನಿನ ಸುತ್ತನ್ನು ಏರಿಸಿಕೊಂಡರೆ, ಈ ಭಾರ ಬಹುಪಾಲು ಇಳಿಯುತ್ತದೆ. ಇನ್ನೊಂದು ಕಡೆ, ಕ್ರಮವಾಗಿ ಇಳಿಯುವವನು ಮೂರು ಸಲ ಕ್ಲಚ್ಚನ್ನು ತುಳಿಯುತ್ತಾನೆ, ಮೂರು ಸಲ ಚುಕ್ಕಾಣಿಯಿಂದ ಒಂದು ಕೈಯನ್ನು ತೆಗೆಯುತ್ತಾನೆ. ಲಾಭನಷ್ಟಗಳನ್ನು ಹೀಗೆ ತೂಗಿ ನೋಡತಕ್ಕದ್ದು.

ಮೇಲಿನ ಗೇರಿಗೆ ಹಾರುವುದರಲ್ಲಿ ಅಪಾಯ ಬೇರೆ ಬಗೆಯದು. ಮೂರನೆಯ ಗೇರಿನಲ್ಲಿ ವೇಗವನ್ನು ೭೨ಕ್ಕೆ ತಂದವನು ನೇರವಾಗಿ ಐದಕ್ಕೆ ಹೋದರೆ ಸುತ್ತು ೩,೭೩೩ರಿಂದ ೨,೧೩೩ಕ್ಕೆ ಇಳಿಯುತ್ತದೆ, ಇದರಲ್ಲಿ ದೋಷವಿಲ್ಲ. ವೇಗ ಸಾಲದೆ ಹಾರಿದರೆ ಎಂಜಿನ್ನು ಭಾರವನ್ನೆಳೆಯಲಾರದೆ ನಡುಗುತ್ತದೆ. ಹೊರೆಯಿಲ್ಲದ ಲಾರಿಯನ್ನು ಸಮತಲದಲ್ಲಿ ಎರಡನೆಯ ಗೇರಿನಲ್ಲೇ ಹೊರಡಿಸುವುದೂ, ಟ್ರ್ಯಾಕ್ಟರಿನವನು ಹೊರೆಯನ್ನು ನೋಡಿ ನಿಂತಲ್ಲೇ ಗೇರನ್ನು ಆರಿಸಿಕೊಳ್ಳುವುದೂ ಈ ತತ್ತ್ವದ ನಿತ್ಯದ ನಿದರ್ಶನಗಳು. ಅಮೆರಿಕದ ಕಾರ್ವೆಟ್ ಕಾರಿನಲ್ಲಿ ೧೯೮೯ರ ಮಾದರಿಯಿಂದ, ಹಗುರವಾಗಿ ವೇಗವೇರಿಸುವಾಗ ಗೇರುಕೋಲು ಒಂದರಿಂದ ನೇರವಾಗಿ ನಾಲ್ಕಕ್ಕೆ ಹೋಗುವಂತೆ ತಯಾರಕರೇ ಏರ್ಪಡಿಸಿದರು. ಇಂಧನದ ಉಳಿತಾಯ ಅದರ ಉದ್ದೇಶ. ಲಂಘನವೇ ಯಂತ್ರಕ್ಕೆ ವಿರುದ್ಧವಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲವಷ್ಟೆ.

೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಲನಪರೀಕ್ಷೆಯ ಬಗೆಗೆ ಹೇಳುವುದನ್ನು ಇಲ್ಲಿ ಗಮನಿಸಬಹುದು. ಹೊರಟು ವೇಗವೇರಿಸುವಾಗ ಅಭ್ಯರ್ಥಿಯು ಕೊನೆಯ ಗೇರಿನವರೆಗೆ ಎಲ್ಲ ಗೇರುಗಳನ್ನೂ ಹಾಕಿ ತೋರಿಸಬೇಕೆಂದು ಹದಿನೈದನೆಯ ನಿಯಮ ವಿಧಿಸುತ್ತದೆ. ಇಳಿಯುವಾಗಲಾದರೋ, ಸಂಚಾರದ ಸ್ಥಿತಿಗೆ ತಕ್ಕಂತೆ ಮೇಲಿನ ಗೇರಿನಿಂದ ಕೆಳಗಿನ ಗೇರುಗಳಿಗೆ ಶೀಘ್ರವಾಗಿ ಬರಬೇಕೆಂದಷ್ಟೇ ಹೇಳುತ್ತದೆ. ಇಳಿಜಾರಿನಲ್ಲಿಯೂ ಹಾಗೆಯೇ. ಕಲಿಯುವವನಿಗೆ ಕ್ರಮವು ಅಭ್ಯಾಸದ ಸಾಧನ. ಕಿವಿಯೂ ಕೈಯೂ ಪಳಗುವವರೆಗೆ ಅದು ಅವನನ್ನು ದೊಡ್ಡ ತಪ್ಪಿನಿಂದ ಕಾಯುತ್ತದೆ. ಅದನ್ನು ಯಂತ್ರದ ಧರ್ಮವೆಂದು ಭಾವಿಸುವುದು ಮಾತ್ರ ಸರಿಯಲ್ಲ.

ಇಳಿಜಾರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಹೊರೆ ಹೊತ್ತ ವಾಹನವು ಇಳಿಯತೊಡಗಿದ ಮೇಲೆ ಚಾಲಕನು ಎರಡು ಮೂರು ಗೇರು ಕೆಳಕ್ಕೆ ಹಾರಲು ಯತ್ನಿಸಿ, ಗೇರು ಕೂಡದೆ ಹೋದರೆ, ವಾಹನ ಯಾವ ಗೇರಿನಲ್ಲಿಯೂ ಇಲ್ಲದಂತಾಗುತ್ತದೆ. ಎಂಜಿನ್ನಿನ ತಡೆ ತಪ್ಪಿ ವೇಗ ಏರುತ್ತದೆ. ವೇಗ ಏರಿದಷ್ಟೂ ಗೇರು ಕೂಡುವುದು ದುಸ್ತರವಾಗುತ್ತದೆ. ಭಾರವೆಲ್ಲ ಬ್ರೇಕುಗಳ ಮೇಲೆ ಬಿದ್ದು ಅವು ಕಾದು ಶಕ್ತಿಗುಂದುತ್ತವೆ. ಬಯಲುಸೀಮೆಯ ರಸ್ತೆಯಲ್ಲಿ ಪಳಗಿದವನು ಆಗುಂಬೆಯಂಥ ಘಟ್ಟಕ್ಕೆ ಹೋದಾಗ ಇದನ್ನು ಮರೆಯಲಾಗದು. ಇಳಿಜಾರಿನ ಗೇರನ್ನು ಇಳಿಜಾರಿನ ತಲೆಯಲ್ಲೇ, ವೇಗವನ್ನು ತಗ್ಗಿಸಿ, ಆರಿಸಿಕೊಳ್ಳಬೇಕು. ಟ್ರ್ಯಾಕ್ಟರನ್ನು ದಾಟುವವನಿಗೂ ನ್ಯಾಯ ಅದೇ: ಮೊದಲು ಬ್ರೇಕಿನಿಂದ ವೇಗ, ಅನಂತರ ಆ ವೇಗಕ್ಕೆ ಒಪ್ಪುವ ಒಂದೇ ಗೇರು, ಆಮೇಲೆ ದಾಟುವ ಕಾರ್ಯ. ದಾಟುವ ನಡುವೆ ಗೇರನ್ನು ಹುಡುಕತಕ್ಕದ್ದಲ್ಲ. ಮಳೆಯ ರಸ್ತೆಯಲ್ಲಿ ಕೆಳಗಿನ ಗೇರಿಗೆ ಹಾರಿ ಕ್ಲಚ್ಚನ್ನು ಫಕ್ಕನೆ ಬಿಟ್ಟರೆ ಗಾಲಿಗಳು ಹಿಡಿತ ತಪ್ಪಿ ಜಾರುವುವೆಂಬುದೂ ನೆನಪಿರಲಿ.

ಭೌತಶಾಸ್ತ್ರದ ಅಧ್ಯಾಪಕರು ಭ್ರಮಣದ ಚಲನಶಕ್ತಿಯನ್ನು ಬೋಧಿಸುವಾಗ ಮೇಲಿನ ಲೆಕ್ಕವನ್ನು ವಿದ್ಯಾರ್ಥಿಗಳಿಗೆ ಕೊಡಬಹುದು. ಅವರವರ ಮನೆಯ ವಾಹನದ ಕೈಪಿಡಿಯಲ್ಲಿ ಮುದ್ರಿತವಾದ ಗೇರುಪ್ರಮಾಣಗಳನ್ನು ತೆಗೆದುಕೊಂಡು, ಯಾವ ವೇಗದಲ್ಲಿ ಯಾವ ಗೇರು ಒಪ್ಪುವುದೆಂಬ ಪಟ್ಟಿಯನ್ನು ಅವರೇ ತಯಾರಿಸಲಿ. ಗೇರುಕೋಲಿನ ಮೇಲಿನ ಅಂಕೆಗಳು ಕೇವಲ ಹೆಸರುಗಳು. ಚಾಲಕನು ಲಕ್ಷ್ಯವಿಡಬೇಕಾದುದು ವೇಗ ಮತ್ತು ಸುತ್ತುಗಳ ಹೊಂದಾಣಿಕೆಯಲ್ಲಿ. ಹೊಂದಾಣಿಕೆಯಿದ್ದರೆ ಲಂಘನ ನಿರ್ದೋಷ. ಅದಿಲ್ಲದಿದ್ದರೆ ಒಂದೇ ಮೆಟ್ಟಿಲನ್ನು ಇಳಿದರೂ ಕೇಡು ತಪ್ಪದು.